ಕಾಲಡಿ: ಹೋದವನ ಊರು, ಉಳಿದವರ ಊರು

ತಿರುವನಂತಪುರದಲ್ಲಿ ಕೆಲಸಕ್ಕಿದ್ದ ನಾಲ್ಕು ವರ್ಷ, ಊರ ಕಡೆ ಹೊರಟಾಗೆಲ್ಲ ನಾನು ತ್ರಿಶ್ಶೂರಿನವರೆಗೆ ಬಸ್ಸಿನಲ್ಲೇ ಬರುತ್ತಿದ್ದೆ. ಎಂ.ಸಿ. ರೋಡು ಅಂತ ಅದಕ್ಕೆ ಹೆಸರು. ಕೊಟ್ಟಾರಕ್ಕರ, ಚಂಗನಾಶ್ಶೇರಿ, ಕೋಟ್ಟಯಂ, ಮೂವಾಟ್ಟುಪುಳ ದಾಟಿ ಅಂಗಮಾಲಿಯಲ್ಲಿ ಮುಗಿಯುವ ರಸ್ತೆ. ಮುಗಿಯುವುದಕ್ಕೆ ಸ್ವಲ್ಪ ಮೊದಲು ಒಂದು ಸೇತುವೆ ಬರುತ್ತದೆ, ಕೆಳಗೆ ಪೆರಿಯಾರ್. ಕಂಡಕ್ಟರು ‘ಕಾಲಡೀ’ ಎಂದು ಎಳೆದು ಕೂಗಿದರೆ ತೂಗುತ್ತಿದ್ದವನಿಗೆ ಎಚ್ಚರವಾಗುತ್ತಿತ್ತು. ಮಲಯಾಳದಲ್ಲಿ ಕಾಲಡಿ ಅಂದರೆ ಹೆಜ್ಜೆ. ಕನ್ನಡದವನ ಕಿವಿಗೆ ಅದು ‘ಕಾಲ ಕೆಳಗೆ’ ಅಂತ ಕೇಳಿಸುತ್ತದೆ. ಈ ಊರಿನ ಬಗ್ಗೆ ನಮ್ಮವರು ಬರೆದದ್ದನ್ನು ಓದಿದಾಗ, ಕಾಲ ಕೆಳಗಿನದನ್ನು ಯಾರೂ ನೋಡಿಲ್ಲವಲ್ಲ ಅನ್ನಿಸಿದ್ದುಂಟು.

ಕನ್ನಡದ ಪ್ರವಾಸಕಥನಗಳಲ್ಲಿ ಕಾಲಡಿಗೆ ಸಾಮಾನ್ಯವಾಗಿ ಅರ್ಧ ಪುಟ. ಶಂಕರಾಚಾರ್ಯರು ಹುಟ್ಟಿದ ಸ್ಥಳ, ಮೊಸಳೆ ಕಾಲು ಹಿಡಿದ ಘಾಟು, ಶೃಂಗೇರಿ ಮಠದ ದೇವಸ್ಥಾನ, ಕಂಚಿ ಮಠದ ಕೀರ್ತಿಸ್ತಂಭ, ಮಧ್ಯಾಹ್ನ ಪ್ರಸಾದ, ಮತ್ತೆ ಗುರುವಾಯೂರಿನ ದಾರಿ. ತಪ್ಪೇನೂ ಇಲ್ಲ. ನಾನೂ ಮೊದಲ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು ಹಾಗೇ ನೋಡಿ ಬಂದವನು. ಊಟದ ಪಂಕ್ತಿಯಲ್ಲಿ ಯಾರೋ ‘ಇನ್ನೊಂಚೂರು ಸಾರು ಹಾಕ್ಲಾ?’ ಎಂದು ಕೇಳಿದ್ದಕ್ಕೆ ಅಮ್ಮ ಎಲೆ ಬಿಟ್ಟು ಅವರ ಊರು ವಿಚಾರಿಸಿದ್ದರು. ಕೊಪ್ಪದ ಕಡೆಯವರು. ಅಮ್ಮನಿಗೆ ಕಾಲಡಿ ಅಂದರೆ ಕಡೆಯವರೆಗೂ ಆ ಸಾರೇ.

ಆದರೆ ಊರಿನ ಚರಿತ್ರೆಯಾಗಿ ಈ ಕತೆಯಲ್ಲಿ ದೊಡ್ಡದೊಂದು ಹಳ್ಳವಿದೆ. ಶಂಕರರ ಕಾಲ ಎಂಟನೆಯ ಶತಮಾನದ ಆಚೀಚೆ ಎನ್ನುತ್ತಾರೆ, 788ರಿಂದ 820 ಎಂಬುದು ಹಳೆಯ ಲೆಕ್ಕ. ಶೃಂಗೇರಿಯ 33ನೆಯ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು ಇಲ್ಲಿ ಶಾರದೆ ಮತ್ತು ಶಂಕರರ ಗುಡಿಗಳನ್ನು ಪ್ರತಿಷ್ಠೆ ಮಾಡಿದ್ದು 1910ರಲ್ಲಿ. ಆಗ ಕಾಲಡಿ ತಿರುವಾಂಕೂರಿಗೆ ಸೇರಿತ್ತು. ತಿರುವನಂತಪುರದಲ್ಲಿ ಮೂಲಂ ತಿರುನಾಳ್ ಮಹಾರಾಜರು ಆಳುತ್ತಿದ್ದರು. ಅಲ್ಲಿ ದಿವಾನರಾಗಿದ್ದ ವಿ.ಪಿ. ಮಾಧವರಾಯರು 1906ರಲ್ಲಿ ಮೈಸೂರಿಗೆ ದಿವಾನರಾಗಿ ಬಂದರು ಎಂಬುದನ್ನು ನೆನೆದರೆ, ಎರಡು ಸಂಸ್ಥಾನಗಳ ನಡುವೆ ಆಗ ಎಷ್ಟು ಬಳಕೆಯಿತ್ತೆಂಬುದು ತಿಳಿಯುತ್ತದೆ. ಅಂದರೆ ನಾವು ಇವತ್ತು ನೋಡುವ ‘ಪುರಾತನ’ ಕಾಲಡಿಗೆ ನೂರಹದಿನೈದು ಚಿಲ್ಲರೆ ವರ್ಷ. ಮಧ್ಯದ ಸಾವಿರದ ನೂರು ವರ್ಷ ಈ ಊರಿನಲ್ಲಿ ಯಾರಿದ್ದರು, ಏನು ಮಾಡಿಕೊಂಡಿದ್ದರು? ಕೈಪಿಡಿಗಳು ಬಾಯಿ ಬಿಡುವುದಿಲ್ಲ. ಮಗ ಹೋದ, ಮಠ ಬಂತು. ನಡುವೆ ಊರೇ ಇರಲಿಲ್ಲ ಎಂಬಂತೆ.

ಊರು ಇತ್ತು. ಪಕ್ಕದ ಕಾಞೂರಿನಲ್ಲಿ ಸಿರಿಯನ್ ಕ್ರೈಸ್ತರ ಹಳೆಯ ಇಗರ್ಜಿ ಇದೆ. ಕೊಚ್ಚಿಯ ದೊರೆ ಶಕ್ತನ್ ತಂಬುರಾನ್ ಕೊಟ್ಟದ್ದೆಂದು ಹೇಳುವ ಆನೆದೀಪವನ್ನು ಅಲ್ಲಿ ತೋರಿಸುತ್ತಾರೆ. ಟಿಪ್ಪುವಿನ ಸೈನ್ಯದ ಯುದ್ಧದ ಭಿತ್ತಿಚಿತ್ರವೂ ಅಲ್ಲಿದೆ. ಟಿಪ್ಪುವಿನ ದಂಡು 1790ರಲ್ಲಿ ಆಲುವಾವರೆಗೆ ಬಂದು ಪೆರಿಯಾರ್ ದಾಟಲಾರದೆ ಹಿಂದಿರುಗಿತು. ಮುಂದೆ 1910ರಲ್ಲಿ ಇದೇ ಹೊಳೆಗೆ ಶೃಂಗೇರಿಯ ಸ್ವಾಮಿಗಳು ಬಂದರು. ನಮ್ಮ ಕಡೆಯ ಈ ಎರಡು ಬರುವಿಕೆಗಳಲ್ಲಿ ಒಂದನ್ನು ಇಗರ್ಜಿಯ ಗೋಡೆ ನೆನಪಿಟ್ಟುಕೊಂಡಿದೆ, ಇನ್ನೊಂದನ್ನು ಗುಡಿಯ ಕಲ್ಲು. ಅದೇ ಟಿಪ್ಪು ಮರಾಠರ ದಾಳಿಯಿಂದ ಹಾಳಾದ ಶೃಂಗೇರಿಗೆ ಹಣ ಕಳಿಸಿ ಸ್ವಾಮಿಗಳಿಗೆ ಕಾಗದ ಬರೆದವನು ಎಂದು ಕಾಞೂರಿನ ಗೆಳೆಯರೊಬ್ಬರಿಗೆ ಹೇಳಿದಾಗ, ‘ಇದು ಯಾವ ಟಿಪ್ಪು ಮಾರಾಯ?’ ಎಂದು ನಕ್ಕರು. ನೋಡಿ, ಒಬ್ಬನೇ ಮನುಷ್ಯ ಎರಡು ಊರಲ್ಲಿ ಎರಡು ತರ. ಕತೆ ಹೇಳುವವರು ಯಾವ ದಡದಲ್ಲಿ ನಿಂತಿದ್ದಾರೆ ಎಂಬುದು ಮುಖ್ಯ.

ನದಿಯ ಮೇಲ್ಗಡೆ ಮಲಯಾಟ್ಟೂರು. ಸಂತ ತೋಮಾಸರ ಹೆಸರಿನ ಬೆಟ್ಟಕ್ಕೆ ಈಸ್ಟರಿನ ಮುಂಚಿನ ವಾರಗಳಲ್ಲಿ ಜನ ಮರದ ಶಿಲುಬೆ ಹೊತ್ತು ಹತ್ತುತ್ತಾರೆ. ಅಲ್ಲಿನ ಕಾಡಿನ ಮರ, ಬಿದಿರು ಒಂದು ಕಾಲದಲ್ಲಿ ಇದೇ ಹೊಳೆಯಲ್ಲಿ ತೇಲಿಕೊಂಡು ಆಲುವಾ ಸೇರುತ್ತಿತ್ತು. ಈಗ ಕಾಲಡಿ, ಒಕ್ಕಲ್, ಕಾಞೂರಿನ ಸುತ್ತ ಅಕ್ಕಿ ಗಿರಣಿಗಳು. ಕುಟ್ಟನಾಡು, ಪಾಲಕ್ಕಾಡುಗಳ ಭತ್ತ ಇಲ್ಲಿ ಬೆಂದು ಕೆಂಪು ಕುಚ್ಚಲಕ್ಕಿಯಾಗುತ್ತದೆ. ಬೆಳಿಗ್ಗೆ ಸೇತುವೆಯ ಮೇಲೆ ನಿಂತರೆ ಗಂಟೆಯ ಸದ್ದಿಗಿಂತ ಮೊದಲು ಬೇಯುವ ಭತ್ತದ ವಾಸನೆ ಬರುತ್ತದೆ. ಹತ್ತಿರದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಬಂಗಾಳ, ಅಸ್ಸಾಂ, ಒಡಿಶಾದಿಂದ ಹುಡುಗರು ಬಂದಿದ್ದಾರೆ. ಭಾನುವಾರ ಪೇಟೆಯಲ್ಲಿ ಮಲಯಾಳಕ್ಕಿಂತ ಬಂಗಾಳಿಯೇ ಜೋರು. ಮನೆ ಬಿಟ್ಟುಹೋದ ಒಬ್ಬ ಹುಡುಗನಿಂದ ಹೆಸರಾದ ಊರಿನ ಪಕ್ಕ, ಇವತ್ತು ಮನೆ ಬಿಟ್ಟು ಬಂದ ಸಾವಿರಾರು ಹುಡುಗರು ಸಂಜೆ ಫೋನು ಹಿಡಿದು ತಾಯಂದಿರ ಹತ್ತಿರ ಮಾತಾಡುತ್ತಿರುತ್ತಾರೆ.

ಕಾಲಡಿಯ ಬಗ್ಗೆ ಕನ್ನಡದವರು ಮಾಡಿದ ದೊಡ್ಡ ಕೆಲಸ ಎಂದರೆ ಜಿ.ವಿ. ಅಯ್ಯರ್ ಅವರ ‘ಆದಿ ಶಂಕರಾಚಾರ್ಯ’, 1983ರ ಚಿತ್ರ. ಸಂಸ್ಕೃತದ ಮೊದಲ ಸಿನಿಮಾ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಛಾಯಾಗ್ರಹಣಕ್ಕಾಗಿ ಕೇರಳದವರೇ ಆದ ಮಧು ಅಂಬಾಟ್ ಅವರಿಗೂ ಬಂತು. ಅಯ್ಯರ್ ಕಪಿಲೆಯ ದಡದ ನಂಜನಗೂಡಿನವರು, ಬರಿಗಾಲಲ್ಲಿ ಓಡಾಡಿದವರು. ಹೊಳೆ ಅವರಿಗೆ ಗೊತ್ತು. ಸಾವು ಮತ್ತು ಪ್ರಜ್ಞೆ ಇಬ್ಬರೂ ಮನುಷ್ಯರಾಗಿ ಶಂಕರನ ಜೊತೆಗೆ ನಡೆದು ಬರುವುದು ಆ ಚಿತ್ರದ ಅತ್ಯುತ್ತಮ ಕಲ್ಪನೆ. ವೇದಾಂತದ ಮಾತನ್ನು ಭಾಷಣದಲ್ಲಿ ಹೇಳದೆ ಇಬ್ಬರು ಜೊತೆಗಾರರ ನಡಿಗೆಯಲ್ಲಿ ತೋರಿಸಿದರು. ಅದಕ್ಕೆ ಕೈ ಮುಗಿಯಬೇಕು.

ಆದರೂ ಪ್ರತಿ ಸಲ ನೋಡುವಾಗಲೂ ನನಗೊಂದು ಕಸಿವಿಸಿ. ಅದರಲ್ಲಿ ಆರ್ಯಾಂಬೆಯೂ ಸಂಸ್ಕೃತದಲ್ಲಿ ಮಾತಾಡುತ್ತಾಳೆ. ಪಂಡಿತರ ವಾದಕ್ಕೆ ಸಂಸ್ಕೃತ ಸರಿಯೇ. ಹೊಳೆಯಿಂದ ಒದ್ದೆ ಸೀರೆಯಲ್ಲಿ ಬಂದ ತಾಯಿ ಮಗನನ್ನು ಊಟಕ್ಕೆ ಕರೆಯುವುದು? ಆ ಮನೆಯಲ್ಲಿ ಆಗ ಮಲಯಾಳಕ್ಕೂ ತಮಿಳಿಗೂ ಇನ್ನೂ ಪೂರ್ತಿ ಬೇರೆಯಾಗದ ಒಂದು ಆಡುಮಾತಿದ್ದಿರಬೇಕು. ಸಿನಿಮಾ ಮಗನ ಭಾಷೆಯನ್ನು ಉಳಿಸಿಕೊಂಡು ತಾಯಿಯ ಭಾಷೆಯನ್ನು ಬಿಟ್ಟಿತು. ಮಾತು ಹೋದಮೇಲೆ ಅವಳು ಮಗನನ್ನು ಬೀಳ್ಕೊಡುವ ಒಂದು ಮುಖವಾಗಿ ಉಳಿದಳು, ಅಷ್ಟೆ. ಇದು ಅಯ್ಯರ್ ಒಬ್ಬರ ದೋಷವಲ್ಲ. ಕಾಲಡಿಯ ಕತೆಯನ್ನು ನಾವೆಲ್ಲ ಹೇಳುವ ರೀತಿಯೇ ಹೀಗೆ.

ಮೂಲ ಕತೆಯಲ್ಲಿ ಹೀಗಿಲ್ಲ. ವಿದ್ಯಾರಣ್ಯರದೆಂದು ಸಂಪ್ರದಾಯ ಹೇಳುವ, ಅಷ್ಟು ಹಳೆಯದಲ್ಲವೆಂದು ವಿದ್ವಾಂಸರು ಹೇಳುವ ಮಾಧವೀಯ ಶಂಕರವಿಜಯ ಇದೆಯಲ್ಲ, ಅದರ ಜೊತೆಗೆ ಕಾಲಡಿಯ ಸ್ಥಳಪುರಾಣವನ್ನೂ ಇಟ್ಟುಕೊಂಡು ನಿಧಾನಕ್ಕೆ ಓದಿ. ಎಲ್ಲ ತಿರುವುಗಳೂ ತಾಯಿಯದೇ. ಅವಳು ದೂರದ ಹೊಳೆಗೆ ನಡೆದು ಬಳಲಿ ಬಿದ್ದದ್ದಕ್ಕೆ ನದಿ ಹುಡುಗನ ಹೆಜ್ಜೆಯ ಹತ್ತಿರ ತಿರುಗಿತು. ಅವಳು ಒಪ್ಪಲಿಲ್ಲವೆಂದೇ ಮೊಸಳೆ ಬೇಕಾಯಿತು. ಮೊಸಳೆಯ ಬಾಯಲ್ಲಿ ಕಾಲಿಟ್ಟುಕೊಂಡು ಪಡೆದ ಒಪ್ಪಿಗೆ ಅದು. ನಮ್ಮ ಕಾಲದಲ್ಲಿ ಆ ಮೊಸಳೆಯ ಕೆಲಸವನ್ನು ನೇಮಕಾತಿ ಪತ್ರ ಮಾಡುತ್ತದೆ. ‘ಈಗ ಹೋಗದಿದ್ದರೆ ಮುಗಿದೇ ಹೋಯ್ತು ಅಮ್ಮ’ ಅಂದರೆ ಯಾವ ತಾಯಿ ಬೇಡ ಅಂತಾಳೆ? ಹೋಗುವಾಗ ಹುಡುಗ ಮಾತು ಕೊಟ್ಟ, ನಿನ್ನ ಕೊನೆಗಾಲಕ್ಕೆ ಬರುತ್ತೇನೆ ಅಂತ. ಬಂದ. ಸಂನ್ಯಾಸಿ ಸಂಸ್ಕಾರ ಮಾಡುವಂತಿಲ್ಲ ಎಂದು ನೆಂಟರು ಬೆಂಕಿ, ಸೌದೆ ಕೊಡಲಿಲ್ಲ. ಮನೆಯ ಹಿತ್ತಲಲ್ಲೇ ಒಬ್ಬನೇ ದಹನ ಮಾಡಿ, ನಿಮ್ಮ ಹೆಣವೂ ನಿಮ್ಮ ಹಿತ್ತಲಲ್ಲೇ ಸುಡಲಿ ಎಂದು ಶಪಿಸಿದ.

ಮನೆಯ ವಠಾರದಲ್ಲೇ ದಹನ ಮಾಡುವುದು ನಂಬೂದಿರಿಗಳ ಪದ್ಧತಿ. ಇರುವ ಪದ್ಧತಿಗೆ ಆಮೇಲೆ ಹುಟ್ಟಿದ ಕಾರಣ ಈ ಶಾಪ ಎಂದು ಓದುವುದೇ ಸರಿ ಎನಿಸುತ್ತದೆ. ನದಿ ತಿರುಗಿದ್ದೂ ಹಾಗೇ. ಪೆರಿಯಾರ್ ಸುಮ್ಮನಿರುವ ಹೊಳೆಯಲ್ಲ. 1341ರ ಮಹಾಪೂರದಲ್ಲಿ ಮುಸಿರಿಸ್ ಹೂಳು ತುಂಬಿ ಕೊಚ್ಚಿಯ ಬಂದರು ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಕೊಲ್ಲಂ ವರ್ಷ 1099ರ, ಅಂದರೆ 1924ರ ನೆರೆಯನ್ನು ಮುದುಕರು ‘ತೊಂಬತ್ತೊಂಬತ್ತರ ವೆಳ್ಳಪ್ಪೊಕ್ಕ’ ಎಂದೇ ಎಣಿಸುತ್ತಿದ್ದರು. ದಾರಿ ಬದಲಿಸುವ ಹೊಳೆಯ ದಡದಲ್ಲಿ ಬದುಕಿದವರು, ಅದು ತಾಯಿಗಾಗಿ ತಿರುಗಿತು ಎಂದು ಕತೆ ಕಟ್ಟಿಕೊಂಡರೆ ಅದರಲ್ಲಿ ಸುಳ್ಳಿಗಿಂತ ಬಯಕೆ ಹೆಚ್ಚು.

ಇಲ್ಲಿ ನಾನು ವಿಮರ್ಶಕನ ಕುರ್ಚಿಯಿಂದ ಇಳಿಯಬೇಕು. 2018ರ ಆಗಸ್ಟ್. ಆಗ ಕೊಚ್ಚಿಗೆ ಬಂದು ಕೆಲವು ವರ್ಷವಾಗಿತ್ತು. ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲನ್ನು ಇಪ್ಪತ್ತಾರು ವರ್ಷದ ನಂತರ ತೆರೆದಿದ್ದರು. 15ನೆಯ ತಾರೀಖಿಗೆ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತು. ಆಲುವಾದಲ್ಲಿ ರಸ್ತೆ ಇಲ್ಲ, ರೈಲು ಇಲ್ಲ. ಕಾಲಡಿಯ ಸಂಸ್ಕೃತ ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ ನೂರಾರು ಜನ ಸಿಕ್ಕಿಕೊಂಡಿದ್ದರು. 16ರ ರಾತ್ರಿ ತೀರ್ಥಹಳ್ಳಿಯಿಂದ ತಮ್ಮನ ಫೋನು, ಅಮ್ಮ ಹೋದರು ಅಂತ. ನಾನು ಹಿರಿಯ ಮಗ. ‘ಬರ್ತೀನಿ, ಇಟ್ಕೊಂಡಿರು’ ಅಂದೆ. ಅವನು ‘ಹೇಗೆ ಬರ್ತೀಯ ಅಣ್ಣ?’ ಅಂದ. ನೌಕಾಪಡೆಯ ನಿಲ್ದಾಣದಿಂದ ಬೆಂಗಳೂರಿಗೆ ಸಣ್ಣ ವಿಮಾನ ಶುರುವಾದದ್ದು 20ಕ್ಕೆ. ನಾನು ಮನೆ ಮುಟ್ಟುವಾಗ ಅಸ್ಥಿಸಂಚಯನವೂ ಮುಗಿದಿತ್ತು. ನೆಂಟರೊಬ್ಬರು ಜಗಲಿಯಲ್ಲಿ, ‘ದೊಡ್ಡವನು ಇರಬೇಕಿತ್ತು’ ಅಂದರು. ಅವತ್ತು ನನಗೆ ಶಂಕರನ ಶಾಪ ಅರ್ಥವಾಯಿತು ಅಂದುಕೊಂಡೆ. ನದಿಯೂ ತಿರುಗಲಿಲ್ಲ, ನೆಂಟರೂ ಬಿಡಲಿಲ್ಲ ಎಂದು ಒಳಗೊಳಗೇ ಉರಿದೆ.

ನಮ್ಮೂರಿಗೂ ಹೊಳೆ ಮತ್ತು ತಾಯಿಯ ಕತೆಯುಂಟು. ತಾಯಿಯ ತಲೆ ಕಡಿದ ಪರಶುರಾಮ ಕೊಡಲಿಯ ರಕ್ತ ತೊಳೆದದ್ದು ತೀರ್ಥಹಳ್ಳಿಯ ತುಂಗೆಯಲ್ಲಿ. ಎಳ್ಳಮಾವಾಸ್ಯೆಗೆ ಜನ ಮುಳುಗುವುದು ಅಲ್ಲೇ. ಅದೇ ಕೊಡಲಿ ಎಸೆದು ಸಮುದ್ರದಿಂದ ಎತ್ತಿದ ನೆಲ ಕೇರಳ ಎನ್ನುತ್ತಾರೆ. ತಾಯಿಗೆ ಏನೋ ಮಾಡಿ ಬಂದ ಮಗನ ಹೊಳೆಯಿಂದ, ತಾಯಿಯನ್ನು ಬಿಟ್ಟು ಹೋದ ಮಗನ ಹೊಳೆಗೆ ನಾನು ಬಂದು ಕೂತಿದ್ದೇನೆ. ಕೊಚ್ಚಿಯ ನಲ್ಲಿಗೆ ಬರುವುದು ಆಲುವಾದಲ್ಲಿ ಎತ್ತುವ ಪೆರಿಯಾರಿನ ನೀರು, ಕಾಲಡಿ ದಾಟಿ ಬಂದದ್ದು. ದಿನವೂ ಅದನ್ನೇ ಕುಡಿಯುತ್ತೇನೆ.

ಎರಡು ವರ್ಷದ ನಂತರ ತಮ್ಮ ಕೊಚ್ಚಿಗೆ ಬಂದ. ಕಾಲಡಿಗೆ ಹೋದೆವು. ಶಾರದೆಯ ಗುಡಿಯ ಆವರಣದಲ್ಲಿ ಆರ್ಯಾಂಬೆಯ ಸಮಾಧಿಯ ಮುಂದೆ ದೀಪವಿತ್ತು. ನಾನು ಅವನಿಗೆ ಕತೆ ಹೇಳಿದೆ: ಮೊಸಳೆ, ಮಾತು, ಸೌದೆ ಕೊಡದ ನೆಂಟರು, ಶಾಪ. ಅವನು ಎಸ್ಸೆಸ್ಸೆಲ್ಸಿ ಮುಗಿಸಿ ತೋಟ ನೋಡಿಕೊಂಡು ಮನೆಯಲ್ಲೇ ಉಳಿದವನು. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದವನು, ಕೊನೆಯ ಎಂಟು ತಿಂಗಳು ರಾತ್ರಿ ಮೂರು ಸಲ ಎದ್ದವನು. ಎಲ್ಲ ಕೇಳಿ ಕೇಳಿದ:

‘ಅಲ್ಲ ಅಣ್ಣ, ಅವನು ಬರೋ ತನಕ ಅವಳನ್ನ ನೋಡ್ಕೊಂಡೋರು ಯಾರು?’

ನಾನು ಪುಸ್ತಕದಲ್ಲಿ ಓದಿದ್ದೆ. ಹೊರಡುವಾಗ ಶಂಕರ ಆಸ್ತಿಯನ್ನೂ ತಾಯಿಯನ್ನೂ ನೆಂಟರ ಕೈಗೆ ಒಪ್ಪಿಸಿ ಹೋದ ಅಂತ ಅದರಲ್ಲೇ ಇದೆ. ನೋಡಿಕೊಂಡವರೂ ಶಾಪ ತಿಂದವರೂ ಒಂದೇ ಮನೆಯವರು. ಇಷ್ಟು ವರ್ಷ ಓದಿ, ಸಿನಿಮಾ ನೋಡಿ, ಕೈಪಿಡಿಗಳನ್ನು ಟೀಕಿಸಿ, ನನ್ನ ಕಣ್ಣು ಆ ಸಾಲಿನ ಮೇಲೆ ನಿಂತೇ ಇರಲಿಲ್ಲ.

‘ಊರಿನವರು’ ಅಂದೆ. ಅವನು ತಲೆಯಾಡಿಸಿ ದೀಪಕ್ಕೆ ಕೈ ಮುಗಿದ. ಆಮೇಲೆ ಘಾಟಿಗೆ ಇಳಿದು ಕಾಲು ತೊಳೆದು, ನೀರು ತಣ್ಣಗಿದೆ ಬಾ ಎಂದು ಕರೆದ.