ಅಂಗೈಯಲ್ಲೊಂದು ವೇಷ ಬದಲು: ಪುಟ್ಟ ರೋಬೋ ಆಟಿಕೆಯ ರಸಿಕರಿಗೊಂದು ಕೈಪಿಡಿ

ಏಪ್ರಿಲ್ 10ಕ್ಕೆ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಕೊಡಿ ಏರಿತೆಂದರೆ ದೇವರಮಾರು ಗದ್ದೆಯಲ್ಲಿ ಸಂತೆ ಕಟ್ಟುತ್ತದೆ. ಬಳೆ, ಬಲೂನು, ಚುರುಮುರಿಗಳ ನಡುವಿನ ಆಟಿಕೆಯಂಗಡಿಗಳಲ್ಲಿ ಈಗ ಕಾರಿನಿಂದ ರೋಬೋ ಆಗುವ ಆಟಿಕೆಗೂ ಜಾಗವಿದೆ. ಜನವರಿಯ ಸುಳ್ಯ ಚೆನ್ನಕೇಶವನ ಜಾತ್ರೆಯಿರಲಿ, ಚಂಪಾಷಷ್ಠಿಯ ಹೊತ್ತಿನ ಕುಕ್ಕೆ ಸುಬ್ರಹ್ಮಣ್ಯವಿರಲಿ, ನಡೆಯುವುದು ಒಂದೇ. ಮಗು ಕೈ ಚಾಚುತ್ತದೆ. ಅಂಗಡಿಯವರು ಎರಡು ಕಡೆ ಎಳೆದು ಒಂದು ಕಡೆ ಮಡಚಿ ತೋರಿಸುತ್ತಾರೆ, ಕಾರು ಎದ್ದು ನಿಲ್ಲುತ್ತದೆ. ದೊಡ್ಡವರು ‘ಎಷ್ಟು?’ ಎಂದು ಕೇಳಿ ದುಡ್ಡು ಕೊಟ್ಟು ಮುಂದೆ ಹೋಗುತ್ತಾರೆ.

ಇಂಥ ಆಟಿಕೆಗಳನ್ನು ವರ್ಷಗಟ್ಟಲೆ ಕೂಡಿಡುವವರು ನೋಡುವುದು ಕಾರಿಗೂ ರೋಬೋಗೂ ನಡುವಿನ ದಾರಿಯನ್ನು. ಬಾನೆಟ್ಟು ಎಲ್ಲಿ ಹೋಯಿತು? ಚಕ್ರ ಯಾವ ಮೂಲೆಗೆ ಸರಿಯಿತು? ಇಷ್ಟು ಹೊತ್ತು ತಲೆ ಎಲ್ಲಿ ಅಡಗಿತ್ತು? ತೆಂಕುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಈ ಕುತೂಹಲ ಹೊಸದಲ್ಲ. ಪಂಚವಟಿ ಪ್ರಸಂಗದಲ್ಲಿ ಮಾಯಾ ಶೂರ್ಪನಖಿಯಾಗಿ ಬರುವುದು ಸ್ತ್ರೀವೇಷ, ಘೋರ ಶೂರ್ಪನಖಿಯಾಗಿ ಅಬ್ಬರಿಸುವುದು ಹೆಣ್ಣುಬಣ್ಣ. ಒಂದೇ ಪಾತ್ರಕ್ಕೆ ಇಬ್ಬರು ಕಲಾವಿದರು, ಎರಡು ಬಣ್ಣ, ಎರಡು ಕಿರೀಟ. ನಡುವಿನ ರೂಪಾಂತರವನ್ನು ಪ್ರೇಕ್ಷಕರು ಮನಸ್ಸಿನಲ್ಲೇ ಪೂರೈಸಿಕೊಳ್ಳುತ್ತಾರೆ. ಆಟಿಕೆ ಮಾಡುವವನಿಗೆ ಆ ಅನುಕೂಲವಿಲ್ಲ. ವೇಷ ಕಟ್ಟುವ ಚೌಕಿಯೂ ಇಲ್ಲ, ಎರಡನೆಯ ಕಲಾವಿದನೂ ಇಲ್ಲ. ಎರಡೂ ವೇಷ ಒಂದೇ ಮೈಯಲ್ಲಿರಬೇಕು, ಬದಲಾವಣೆ ನೋಡುವವರ ಬೆರಳಲ್ಲೇ ಆಗಬೇಕು.

ಈ ಆಟಿಕೆ ಕಲೆಯ ತವರು ಜಪಾನ್. ಟಕಾರಾ ಕಂಪನಿ 1974ರಲ್ಲಿ ‘ಮೈಕ್ರೋಮ್ಯಾನ್’, 1980ರಲ್ಲಿ ‘ಡಯಾಕ್ಲೋನ್’ ಎಂಬ ಆಟಿಕೆ ಸಾಲುಗಳನ್ನು ತಂದಿತು. ಡಯಾಕ್ಲೋನ್‌ನ ಕಾರು, ಲಾರಿಗಳು ರೋಬೋಗಳಾಗುತ್ತಿದ್ದವು. ಅವುಗಳ ಒಳಗೆ ಕೂರಲು ಕಾಲಿಗೆ ಅಯಸ್ಕಾಂತವಿದ್ದ ಪುಟ್ಟ ಚಾಲಕರೂ ಇದ್ದರು. ಬಂಡೈ ಕಂಪನಿಯ ಬಳಗದಿಂದ 1982ರಲ್ಲಿ ‘ಮಷೀನ್ ರೋಬೋ’ ಬಂತು. ಬೆಲೆ 600 ಯೆನ್ ಆದ್ದರಿಂದ ಅದರ ಮುಖ್ಯ ಸಾಲಿಗೆ 600 ಎಂದೇ ಹೆಸರು. ಅಮೆರಿಕದ ಟೋಂಕಾ ಕಂಪನಿ ಈ ಮಷೀನ್ ರೋಬೋಗಳನ್ನು ‘ಗೋಬಾಟ್ಸ್’ ಎಂದು ಮಾರಿತು, ಹ್ಯಾಸ್ಬ್ರೋ 1984ರಲ್ಲಿ ಟಕಾರಾದ ಆಟಿಕೆಗಳನ್ನು ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಿತು. ಒಂದೊಂದಕ್ಕೂ ಹೆಸರು, ಸ್ವಭಾವ, ಪೆಟ್ಟಿಗೆಯ ಬೆನ್ನಿನ ಪರಿಚಯ ಬರೆದುಕೊಟ್ಟವರಲ್ಲಿ ಮುಖ್ಯರು ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್ಸ್ಕಿ. ಈ ಪೈಪೋಟಿಯಲ್ಲಿ ಸೋತ ಟೋಂಕಾವನ್ನು 1991ರಲ್ಲಿ ಹ್ಯಾಸ್ಬ್ರೋವೇ ಕೊಂಡುಕೊಂಡಿತು.

ಪುಟ್ಟ ಆಟಿಕೆಯ ರಸಿಕರು ಮರೆಯದೆ ತಿಳಿಯಬೇಕಾದ ಇನ್ನೊಂದು ಸಾಲಿದೆ: ಟಕಾರಾದ 1983ರ ‘ಮೈಕ್ರೋ ಚೇಂಜ್’. ಅದರ ಕಲ್ಪನೆ ಬಹಳ ಚೆಂದ. ರೋಬೋಗಳು ಮನೆಯಲ್ಲಿರುವ ವಸ್ತುಗಳಾಗಿ, ಅವುಗಳದೇ ಗಾತ್ರದಲ್ಲಿ ಅಡಗಿರುತ್ತವೆ. ಒಂದು ಕ್ಯಾಸೆಟ್ಟಾದರೆ ಇನ್ನೊಂದು ಸೂಕ್ಷ್ಮದರ್ಶಕ. ಮುಂದೆ ‘ಬಂಬಲ್‌ಬೀ’ ಎಂದು ಜಗತ್ತಿಗೆಲ್ಲ ಪರಿಚಿತನಾದ ಹಳದಿ ಫೋಕ್ಸ್‌ವ್ಯಾಗನ್ ಬೀಟಲ್ ಹುಟ್ಟಿದ್ದು ಇಲ್ಲಿ. ಆ ಕಾರು ಅಷ್ಟು ಗುಂಡಗೆ, ಗಿಡ್ಡಗೆ ಇರುವುದೇಕೆಂದರೆ ಅದು ನಿಜವಾದ ಬೀಟಲ್‌ನ ಕುಗ್ಗಿಸಿದ ಪ್ರತಿಯಲ್ಲ. ಟಕಾರಾದ್ದೇ ಆದ ‘ಚೋರೋ-ಕ್ಯೂ’ ಎಂಬ ಗಿಡ್ಡ ಆಟಿಕೆ ಕಾರುಗಳ ವೇಷ ತೊಟ್ಟ ರೋಬೋ. ಆಟಿಕೆ ಕಾರಿನಂತೆ ಕಾಣುವುದೇ ಅದರ ಗುರಿ, ಆ ಗುರಿಯನ್ನು ಅದು ಪೂರ್ತಿ ಮುಟ್ಟಿದೆ. ಚಿಕ್ಕ ಆಟಿಕೆಯನ್ನು ದೊಡ್ಡದರ ಬಡ ತಮ್ಮನೆಂದು ಕಾಣುವವರು ಈ ಬೀಟಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು.

ಚಿಕ್ಕದಾಗುವುದರಲ್ಲಿ ಲೆಕ್ಕಾಚಾರವೂ ಇದೆ. ಆಟಿಕೆಯ ಎತ್ತರವನ್ನು ಅರ್ಧ ಮಾಡಿದರೆ ಅದರ ತೂಕ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಕೀಲಿನ ಪಿನ್ನಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನಾಲ್ಕನೆಯ ಒಂದು ಭಾಗದಷ್ಟು ಉಳಿಯುತ್ತದೆ. ಆದ್ದರಿಂದ ತನ್ನ ಭಾರ ಹೊರುವುದು ಚಿಕ್ಕ ರೋಬೋಗೆ ಸುಲಭ. ದೊಡ್ಡ ರೋಬೋಗೆ ಸೊಂಟದಲ್ಲಿ ಟಿಕ್ ಟಿಕ್ ಎನ್ನುವ ಹಲ್ಲಿನ ಕೀಲು ಬೇಕಾದರೆ ಚಿಕ್ಕದು ಬರೇ ಉಜ್ಜಾಟದ ಬಿಗಿಯಲ್ಲೇ ಒಂಟಿ ಕಾಲಲ್ಲಿ ನಿಂತೀತು. ಆದರೆ ತಿರುಗಿಸುವ ಬೆರಳು ಕುಗ್ಗುವುದಿಲ್ಲವಲ್ಲ! ದೊಡ್ಡ ಆಟಿಕೆಗೆ ಬೀಳುವ ಬಲವೇ ಈ ಸಣ್ಣ ಪಿನ್ನಿಗೂ ಬೀಳುತ್ತದೆ. ಪ್ಲಾಸ್ಟಿಕ್ಕಿನ ಗೋಡೆಯನ್ನೂ ಒಂದು ಮಿತಿಗಿಂತ ತೆಳು ಮಾಡುವ ಹಾಗಿಲ್ಲ. ಇದರಿಂದಾಗಿ ವಿನ್ಯಾಸಕಾರ ಕೀಲುಗಳನ್ನು ಕಡಿಮೆ ಮಾಡಿ, ಉಳಿದ ಒಂದೊಂದು ಕೀಲಿಗೂ ಎರಡೆರಡು ಕೆಲಸ ಹಚ್ಚುತ್ತಾನೆ. ಮಡಚುವಾಗ ಹಿಂಬದಿಯ ಬಾಗಿಲಾಗುವ ಕೀಲೇ ರೋಬೋ ನಿಂತಾಗ ಮೊಣಕಾಲಾಗುತ್ತದೆ. ಅಂಥದ್ದು ಕಣ್ಣಿಗೆ ಬಿದ್ದಾಗ ರಸಿಕರು ಹೋ ಎಂದು ಮೆಚ್ಚುತ್ತಾರೆ, ಮೆಚ್ಚಲೇಬೇಕು.

ಹೊಸಬರು ಮೊದಲು ಗಾಡಿಯ ರೂಪದಲ್ಲೇ ಆಟಿಕೆಯನ್ನು ಕೈಗೆ ತೆಗೆದುಕೊಳ್ಳಲಿ. ಮೇಜಿನ ಮೇಲೆ ಉರುಳಿಸಿದರೆ ನಾಲ್ಕೂ ಚಕ್ರ ನೆಲಕ್ಕೆ ತಾಗುತ್ತವೆಯೇ? ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆಯೇ? ಜೋಡಣೆಯ ಗೆರೆಗಳು ಬಾಗಿಲು, ಬಾನೆಟ್ಟುಗಳ ಗೆರೆಗಳಲ್ಲೇ ಅಡಗಿವೆಯೇ, ಅಥವಾ ಕಾರಿನ ಮಾಡನ್ನು ನಡುವೆ ಸೀಳಿಕೊಂಡು ಹೋಗಿವೆಯೇ? ಕಾರನ್ನು ಮಗುಚಿದರೆ ರೋಬೋದ ಮುಖ ಹಾಗೇ ಮೇಲೆ ನೋಡುತ್ತಿದ್ದರೆ ಅಡಗಿಸುವ ಕೆಲಸ ಅರ್ಧಕ್ಕೆ ನಿಂತಿದೆ ಎಂದರ್ಥ.

ಆಮೇಲೆ ಬದಲಾವಣೆ. ಇಲ್ಲಿ ಅವಸರ ಬೇಡ. ಟ್ರಾನ್ಸ್‌ಫಾರ್ಮರ್ಸ್ ಸಾಲಿನ 1984ರ ಆಪ್ಟಿಮಸ್ ಪ್ರೈಮ್ ಒಳ್ಳೆಯ ಪಾಠಪುಸ್ತಕ. ಲಾರಿಯ ಕ್ಯಾಬಿನ್ನಿನ ಮುಂಗಾಜು ಅವನ ಎದೆ, ಕೆಳಗಿನ ಗ್ರಿಲ್ಲು ಹೊಟ್ಟೆ, ಹಿಂಬದಿಗೆ ಚಾಚಿದ್ದ ಭಾಗ ಕೆಳಗಿಳಿದು ಕಾಲು. ಲಾರಿಯನ್ನು ಲಾರಿಯೆಂದು ತೋರಿಸುವ ಮುಖವೇ ರೋಬೋಗೆ ಗಂಭೀರವಾದ ಎದೆಗಟ್ಟು ಕೊಟ್ಟಿತು. ನಲವತ್ತು ವರ್ಷ ಕಳೆದರೂ ವಿನ್ಯಾಸಕಾರರು ಆ ಎದೆಯನ್ನು ಬಿಟ್ಟುಕೊಟ್ಟಿಲ್ಲ. ಅದೇ ಆಟಿಕೆಯ ಕೊರತೆಯೂ ಎದ್ದು ಕಾಣುತ್ತದೆ: ಮುಷ್ಟಿಗಳು ಬೇರೆಯೇ ತುಂಡುಗಳು. ಲಾರಿಯಾಗುವಾಗ ಕಿತ್ತಿಡಬೇಕು, ರೋಬೋ ಆಗುವಾಗ ಸಿಕ್ಕಿಸಬೇಕು. ಎಷ್ಟೋ ಮನೆಗಳಲ್ಲಿ ಅವು ಕಳೆದುಹೋಗಿ ಮುಷ್ಟಿಯಿಲ್ಲದ ಪ್ರೈಮ್‌ಗಳು ಉಳಿದಿವೆ.

ನಡುವಿನ ದಾರಿಗೇ ಗೌರವ ಕೊಟ್ಟ ಇನ್ನೊಂದು ಉದಾಹರಣೆ ಶೋಜಿ ಕವಾಮೊರಿ ಅವರ ವಾಲ್ಕಿರಿ, 1982ರ ಜಪಾನಿ ಧಾರಾವಾಹಿ ‘ಮ್ಯಾಕ್ರಾಸ್’ನ ಯುದ್ಧವಿಮಾನ. ವಿಮಾನ ರೋಬೋ ಆಗುವ ಅರ್ಧ ದಾರಿಯಲ್ಲಿ, ರೆಕ್ಕೆಯೂ ಇದ್ದು ಕೈಕಾಲೂ ಇಳಿದಿರುವ ‘ಗರ್ವಾಕ್’ ಎಂಬ ಮೂರನೆಯ ರೂಪ ಅದಕ್ಕಿದೆ. ಉಳಿದವರು ದಾಟಿಹೋಗುವ ಜಾಗದಲ್ಲಿ ಕವಾಮೊರಿ ನಿಂತು ನೋಡಿದರು. ಲೆಗೋ ಇಟ್ಟಿಗೆಗಳಲ್ಲಿ ಮಾದರಿ ಕಟ್ಟಿ, ಮಡಚಿ ಬಿಚ್ಚಿ ಪರೀಕ್ಷಿಸುವುದು ಅವರ ಪದ್ಧತಿ. ಈ ವಿಮಾನದ ಆಟಿಕೆಯೇ 1985ರಲ್ಲಿ ‘ಜೆಟ್‌ಫೈರ್’ ಎಂಬ ಹೆಸರಿನಲ್ಲಿ ಹ್ಯಾಸ್ಬ್ರೋದ ಪೆಟ್ಟಿಗೆಯೊಳಗೂ ಬಂತು.

ರೋಬೋ ನಿಂತ ಮೇಲೆ ಮೈಮೇಲೆ ಕೆಲಸವಿಲ್ಲದೆ ನೇತಾಡುವ ಗಾಡಿಯ ಭಾಗಗಳಿಗೆ ಸಂಗ್ರಹಕಾರರು ‘ಕಿಬಲ್’ ಎನ್ನುತ್ತಾರೆ. ಬೆನ್ನಿಗೆ ಅಂಟಿದ ಇಡೀ ಮಾಡು, ಮೊಣಕೈಯಿಂದ ಜೋಲುವ ಬಾಗಿಲು, ಎಲ್ಲವೂ ಕಿಬಲ್. ಬಾಗಿಲು ಭುಜದ ಹಿಂದೆ ರೆಕ್ಕೆಯಂತೆ ಎದ್ದು ನಿಂತರೆ ಅದು ಅಲಂಕಾರ. ಕೈ ಎತ್ತುವಾಗ ಅಡ್ಡ ಬಂದರೆ ಕಸ. ಇನ್ನೊಂದು ಚರ್ಚೆ ಸುಳ್ಳು ಎದೆಯದು. ನಿಜವಾದ ಮುಂಗಾಜನ್ನು ಬೆನ್ನ ಹಿಂದೆ ಮಡಚಿ, ಎದೆಯಲ್ಲಿ ಅಂಥದ್ದೇ ನಕಲಿ ಗಾಜು ಇಡುವುದು. ಸಂಪ್ರದಾಯಸ್ಥರು ಇದನ್ನು ಮೋಸ ಎನ್ನುತ್ತಾರೆ. ದೊಡ್ಡ, ದುಬಾರಿ ಆಟಿಕೆಯಲ್ಲಾದರೆ ಅವರ ಮಾತು ಒಪ್ಪತಕ್ಕದ್ದು. ಆದರೆ 2021ರಲ್ಲಿ ಟ್ರಾನ್ಸ್‌ಫಾರ್ಮರ್ಸ್‌ನ ‘ಕಿಂಗ್ಡಮ್’ ಸಾಲಿನೊಂದಿಗೆ ಬಂದ ಕೋರ್ ಕ್ಲಾಸ್‌ನಂಥ ಮೂರೂವರೆ ಇಂಚಿನ, ಅಂದರೆ 9 ಸೆಂಟಿಮೀಟರಿನಷ್ಟರ ಆಟಿಕೆಗಳಲ್ಲಿ ಅದೇ ತೂಗುಗೋಲು ಹಿಡಿಯುವುದು ಅನ್ಯಾಯ. ಸುಳ್ಳು ಎದೆಯಿಂದ ಭುಜಕ್ಕೆ ಸರಿಯಾದ ತಿರುಗುವಿಕೆ ದಕ್ಕಿದ್ದರೆ ಆ ಸುಳ್ಳನ್ನು ಒಪ್ಪಬಹುದು. ಒಪ್ಪಲಾಗದ್ದು ಕಿತ್ತು ಸಿಕ್ಕಿಸುವ ತುಂಡುಗಳು. ಕೈಯನ್ನೇ ಕಳಚಿ ಬೇರೆಡೆ ಅಂಟಿಸುವುದಾದರೆ ಅದು ಜೋಡಿಸುವ ಆಟ, ಬದಲಾಗುವ ಆಟವಲ್ಲ.

ಕೀಲುಗಳನ್ನು ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ಒಳ್ಳೆಯದು. ಗೋಲಿ ಕೀಲಿನಲ್ಲಿ ಪ್ಲಾಸ್ಟಿಕ್ ಗುಂಡು ಬಟ್ಟಲಿನೊಳಗೆ ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ, ಎಳೆದರೆ ಮುರಿಯದೆ ಕಳಚಿಕೊಳ್ಳುತ್ತದೆ. ಪಿನ್ನಿನ ಕೀಲು ಒಂದೇ ದಿಕ್ಕಿನದು. ಬಲವಂತ ಮಾಡಿದರೆ ಪಿನ್ನಿನ ಸುತ್ತ ಬಿಳಿ ಗೆರೆ ಮೂಡುತ್ತದೆ. ಪ್ಲಾಸ್ಟಿಕ್ಕಿನ ತಾಳ್ಮೆ ಮುಗಿಯುತ್ತಿದೆ ಎಂಬುದಕ್ಕೆ ಅದೇ ಸೂಚನೆ, ಅಲ್ಲಿಗೆ ಕೈ ತೆಗೆಯಬೇಕು. ಪಾರದರ್ಶಕ ಕಿಟಕಿಯೊಳಗೇ ಪಿನ್ನು ತೂರಿಸಿದ್ದರೆ ಇನ್ನೂ ಜಾಗ್ರತೆ, ಆ ಪ್ಲಾಸ್ಟಿಕ್ ಬಾಗದೆ ಒಡೆಯುವ ಜಾತಿಯದು.

ಪುತ್ತೂರು, ಸುಳ್ಯ, ಕಡಬದ ಸಂಗ್ರಹಕಾರರಿಗೆ ಮಳೆಗಾಲ ದೊಡ್ಡ ಪರೀಕ್ಷೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಊರುಗಳಿವು. ಆಟಿಕೆಯ ಗಟ್ಟಿ ಪ್ಲಾಸ್ಟಿಕ್ಕಿಗೆ ತೇವದ ಭಯ ಅಷ್ಟಿಲ್ಲ. ತುಕ್ಕು ಹಿಡಿಯುವುದು ಉಕ್ಕಿನ ಪಿನ್ನು, ಸ್ಪ್ರಿಂಗು, ಸ್ಕ್ರೂಗಳಿಗೆ. ರಟ್ಟಿನ ಪೆಟ್ಟಿಗೆಗೆ ಬೂಷ್ಟು ಬರುತ್ತದೆ, ಸ್ಟಿಕ್ಕರಿನ ಅಂಚು ಏಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವುದು, ಪೊಟ್ಟಣವನ್ನು ಆಗಾಗ ಬದಲಿಸುವುದು ಕಡಿಮೆ ಖರ್ಚಿನ ಉಪಾಯ. ಮೆತ್ತನೆಯ ಪಿವಿಸಿ ಭಾಗಗಳನ್ನು ಮಾತ್ರ ವರ್ಷಗಟ್ಟಲೆ ಮುಚ್ಚಿಟ್ಟರೆ ಅಂಟಂಟಾಗುತ್ತವೆ, ಅವಕ್ಕೆ ಒಮ್ಮೊಮ್ಮೆ ಗಾಳಿ ಬೇಕು. ತೇವ ಹೋಗಲೆಂದು ಅಂಗಳದಲ್ಲಿ ಅಡಿಕೆಯ ಪಕ್ಕ ಬಿಸಿಲಿಗಿಡುವ ಯೋಚನೆ ಯಾರಿಗೂ ಬರಬಾರದು. ಬಿಳಿ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾದರೆ ಮತ್ತೆ ಮೊದಲಿನಂತಾಗುವುದು ಕಷ್ಟ. ಬಿಗಿಯಾದ ಕೀಲಿಗೆ ತೆಂಗಿನೆಣ್ಣೆಯೂ ಬೇಡ, ಅದು ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಸಿಲಿಕೋನ್ ಗ್ರೀಸು ಕಡ್ಡಿಯ ತುದಿಯಷ್ಟು ಸಾಕು. ಸಡಿಲಾದ ಗೋಲಿ ಕೀಲಿಗೆ ಬಿಳಿ ಗೋಂದಿನ ತೆಳು ಲೇಪ ಕೊಟ್ಟು, ಪೂರ್ತಿ ಒಣಗಿದ ಮೇಲೆ ಬಟ್ಟಲಿಗೆ ಕೂರಿಸಿದರೆ ಬಿಗಿ ಮರಳುತ್ತದೆ.

ಕೆಲವು ಆಟಿಕೆಗಳಿಗೆ ಯಾವ ಆರೈಕೆಯೂ ಸಾಲದು. 1980ರ ದಶಕದ ಕೊನೆ ಮತ್ತು 90ರ ದಶಕದ ಕೆಲವು ಆಟಿಕೆಗಳ ಚಿನ್ನದ ಬಣ್ಣದ ಪ್ಲಾಸ್ಟಿಕ್ ತಾನಾಗಿಯೇ ಹಪ್ಪಳದಂತೆ ಪುಡಿಯಾಗುತ್ತದೆ. ಹಳೆಯದನ್ನು ಕೊಳ್ಳುವವರು ಬಂಗಾರದ ಹೊಳಪು ಕಂಡರೆ ಎರಡು ಸಲ ಯೋಚಿಸಲಿ.

ಕೊಳ್ಳುವ ಮಾತು ಬಂದಾಗ ಕಾನೂನೂ ಗೊತ್ತಿರಬೇಕು. 2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹೊರದೇಶದಿಂದ ತರಿಸುವವರು ಪಟ್ಟಿಯ ಬೆಲೆಯನ್ನು ಮಾತ್ರ ನೋಡಿದರೆ ಸಾಲದು. ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಈ ಪುಟ್ಟ ತುಂಡುಗಳು ಎತ್ತರದ ಕಪಾಟಿನಲ್ಲೇ ಇರಲಿ.

ಮಕ್ಕಳ ಆಟಿಕೆಗೂ ವಿಮರ್ಶೆಯೇ ಎಂದು ಕೇಳುವವರಿದ್ದಾರೆ. ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳ ಆಟವನ್ನು ಕಲಿಕೆಯ ಭಾಗವೆಂದೇ ಕಂಡ ಪುತ್ತೂರಿನಲ್ಲಿ ಈ ಪ್ರಶ್ನೆಗೆ ಹೆಚ್ಚು ಬೆಲೆ ಇರಬಾರದು. ಬರೆಯುವವರು ಅಂಕ ಕೊಡುವುದಕ್ಕಿಂತ ಮೊದಲು ಓದುವವರಿಗೆ ಬೇಕಾದ್ದನ್ನು ಬರೆಯಲಿ: ಎರಡೂ ರೂಪಗಳ ಅಳತೆ, ಕಳಚುವ ತುಂಡುಗಳಿದ್ದರೆ ಯಾವುವು, ಪೆಟ್ಟಿಗೆಯಿಂದ ತೆಗೆದಾಗಲೇ ಯಾವ ಕೀಲು ಸಡಿಲಿತ್ತು, ಹತ್ತಾರು ಸಲ ಬದಲಿಸಿದ ಮೇಲೆ ಯಾವುದು ಸಡಿಲಾಯಿತು, ಸೂಚನಾಪತ್ರ ನೋಡದೆ ಎಲ್ಲಿವರೆಗೆ ಹೋಗಲು ಸಾಧ್ಯವಾಯಿತು. ಮೊದಲ ಬಾರಿ ಪತ್ರ ಬಿಡಿಸದೆಯೇ ಪ್ರಯತ್ನಿಸುವುದು ಒಳ್ಳೆಯದು. ಕೈಗೆ ದಾರಿ ತಾನಾಗಿ ಸಿಕ್ಕಿದರೆ ಅದು ವಿನ್ಯಾಸಕಾರನ ಜಾಣ್ಮೆ, ಬರಹದಲ್ಲಿ ಅದಕ್ಕೆ ಜಾಗ ಕೊಡಬೇಕು. ಫೋಟೋ ಮೂರು ಬೇಕು: ಗಾಡಿ, ರೋಬೋ, ಮತ್ತು ಬದಲಾವಣೆಯ ನಟ್ಟನಡುವೆ ನಿಲ್ಲಿಸಿದ್ದು. ಮೂರರಲ್ಲೂ ಪಕ್ಕದಲ್ಲಿ 27 ಮಿಲಿಮೀಟರ್ ಅಗಲದ ಹತ್ತು ರೂಪಾಯಿ ನಾಣ್ಯವಿದ್ದರೆ, ಸುಳ್ಯದಲ್ಲಿ ಕೂತು ಓದುವವರಿಗೂ ಸಿಂಗಾಪುರದಲ್ಲಿರುವ ಅವರ ಮಗನಿಗೂ ಆಟಿಕೆಯ ಗಾತ್ರ ಒಂದೇ ನೋಟಕ್ಕೆ ತಿಳಿಯುತ್ತದೆ.