ವಿದುರಾಶ್ವತ್ಥ: ಒಂದು ಉಪಮೆಯ ವಿಮರ್ಶೆ

ಕನ್ನಡನಾಡಿನ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯನ್ನು ಬರೆದವರು ವಿದುರಾಶ್ವತ್ಥವನ್ನು ಮರೆತಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಆ ಸ್ಥಳವನ್ನು 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಎಂದು ಒಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಸಾಗುತ್ತಾರೆ. ಉಪಾಧ್ಯಾಯರು ಮಕ್ಕಳಿಗೆ ಹೇಳಿಕೊಡುವುದೂ, ವಾರ್ಷಿಕ ಸ್ಮರಣೆಯ ದಿನ ಭಾಷಣಕಾರರು ನುಡಿಯುವುದೂ ಇದೇ ಮಾತು. ಮಡಿದವರಿಗೆ ಗೌರವವನ್ನು ಸಲ್ಲಿಸಬೇಕೆಂಬ ಸದುದ್ದೇಶದಿಂದ ಈ ಹೋಲಿಕೆಯು ಹುಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಘಟನೆಯ ಅರ್ಥವೆಲ್ಲವನ್ನೂ ಒಂದು ಉಪಮೆಗೆ ಒಪ್ಪಿಸಿಬಿಟ್ಟರೆ ಆಗುವ ನಷ್ಟವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಘಟನೆಯನ್ನು ಸಂಗ್ರಹವಾಗಿ ನೆನೆಯೋಣ. ವಿದುರಾಶ್ವತ್ಥವು ಗೌರಿಬಿದನೂರು ತಾಲ್ಲೂಕಿಗೆ ಸೇರಿದ, ಉತ್ತರ ಪಿನಾಕಿನಿಯ ದಡದ ಕ್ಷೇತ್ರ. ಮಹಾಭಾರತದ ವಿದುರನು ನೆಟ್ಟನೆಂದು ಜನರು ನಂಬಿದ್ದ ಅರಳಿಯ ಮರದಿಂದ ಊರಿಗೆ ಈ ಹೆಸರು ಬಂದಿತು. ಆ ವೃಕ್ಷವು 2001ರಲ್ಲಿ ಉರುಳಿತಾದರೂ, ಹರಕೆ ಹೊತ್ತವರು ಪ್ರತಿಷ್ಠಿಸಿದ ನಾಗರಕಲ್ಲುಗಳ ಸಾಲುಗಳು ಇಂದಿಗೂ ಇವೆ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದಿತು. 1937ರ ಕೊನೆಯ ಭಾಗದಲ್ಲಿ ಪ್ರಜಾಸಂಯುಕ್ತ ಪಕ್ಷದವರು ಕಾಂಗ್ರೆಸ್ಸಿನೊಡನೆ ಕೂಡಿಕೊಂಡ ಮೇಲೆ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ ಕೂಗು ಬಲವಾಯಿತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಧ್ವಜಸತ್ಯಾಗ್ರಹವು ನಡೆಯಿತು. ಅದರ ಬೆನ್ನಲ್ಲಿಯೇ, ಅದೇ ತಿಂಗಳ 25ರಂದು, ನಿಷೇಧಾಜ್ಞೆಯನ್ನು ಲೆಕ್ಕಿಸದೆ ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗೋಲಿಬಾರು ಮಾಡಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರವು ಹೇಳಿತು. ಮೂವತ್ತಕ್ಕೆ ಮೇಲ್ಪಟ್ಟವರೆಂದು ಜನರು ಹೇಳಿದರು.

ನಮ್ಮ ಆಲಂಕಾರಿಕರು ಉಪಮೆಗೆ ಉಪಮೇಯ, ಉಪಮಾನ, ಸಾಧಾರಣಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳನ್ನು ಹೇಳಿರುತ್ತಾರೆ. ಇಲ್ಲಿ ಸಾಧಾರಣಧರ್ಮವು ಸ್ಪಷ್ಟವಾಗಿಯೇ ಇದೆ. ಎರಡು ಕಡೆಗಳಲ್ಲಿಯೂ ಏಪ್ರಿಲ್ ತಿಂಗಳು. ಎರಡು ಕಡೆಗಳಲ್ಲಿಯೂ ಸಭೆಗೆ ನಿಷೇಧ. ಎರಡು ಕಡೆಗಳಲ್ಲಿಯೂ ಕೈಯಲ್ಲಿ ಬಂದೂಕಿಲ್ಲದ ಜನ, ಎದುರಿಗೆ ಬಂದೂಕು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರಕ್ಕೂ ಜನಕ್ಕೂ ವಿವಾದವುಂಟಾದುದು ಕೂಡ ಎರಡಕ್ಕೂ ಸಮಾನ. ಅಮೃತಸರದಲ್ಲಿ 1919ರ ಏಪ್ರಿಲ್ 13ರಂದು ಮಡಿದವರು 379 ಎಂಬುದು ಸರ್ಕಾರದ ಲೆಕ್ಕ. ಕಾಂಗ್ರೆಸ್ಸಿನ ಲೆಕ್ಕವು ಅದಕ್ಕಿಂತ ಬಹಳ ಹೆಚ್ಚಿನದು. ಇಷ್ಟರಮಟ್ಟಿಗೆ ಹೋಲಿಕೆಯು ಸಾಧುವಾದುದೇ ಸರಿ.

ಆದರೆ ಸಾದೃಶ್ಯವುಳ್ಳ ಎರಡು ವಸ್ತುಗಳಿಗಿರುವ ಭೇದವನ್ನು ಎತ್ತಿ ತೋರಿಸುವ ವ್ಯತಿರೇಕವೆಂಬ ಅಲಂಕಾರವನ್ನೂ ನಮ್ಮ ಲಾಕ್ಷಣಿಕರು ಹೇಳಿದ್ದಾರಷ್ಟೆ. ಇತಿಹಾಸವನ್ನು ಬರೆಯುವವನಿಗೆ ಉಪಮೆಗಿಂತ ಈ ವ್ಯತಿರೇಕವೇ ಹೆಚ್ಚು ಪ್ರಯೋಜನಕಾರಿಯಾದುದು. ವಿದುರಾಶ್ವತ್ಥದ ವಿಷಯದಲ್ಲಿ ಮುಖ್ಯವಾಗಿ ಮೂರು ಭೇದಗಳನ್ನು ಗಮನಿಸಬೇಕು.

ಮೊದಲನೆಯದು, ಗುಂಡು ಹಾರಿಸಿದವರು ಯಾರೆಂಬುದು. ಅಮೃತಸರದಲ್ಲಿ ಆಜ್ಞೆಯನ್ನು ಕೊಟ್ಟವನು ಪರದೇಶದ ಪ್ರಭುತ್ವದ ಸೇನಾಧಿಕಾರಿಯಾದ ಡೈಯರನು. ಗೌರಿಬಿದನೂರು ಸೀಮೆಯಲ್ಲಿ ಆಳುತ್ತಿದ್ದುದು ದೇಶೀಯ ಅರಸರ ಸರ್ಕಾರ. ಅದು ಎಂತಹ ಸರ್ಕಾರ? 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿ, 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನು ಸ್ಥಾಪಿಸಿ, ವಿದ್ಯಾಭ್ಯಾಸ, ನೀರಾವರಿ, ಕೈಗಾರಿಕೆಗಳಲ್ಲಿ ಮುಂದುವರಿದು 'ಮಾದರಿ ಸಂಸ್ಥಾನ'ವೆಂದು ಕೀರ್ತಿ ಪಡೆದಿದ್ದ ಸರ್ಕಾರ. ದಿವಾನರಾಗಿ ಆ ಸಂಸ್ಥಾನವನ್ನು ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಚಿಕ್ಕಬಳ್ಳಾಪುರದ ಸೀಮೆಯಲ್ಲಿಯೇ ಇದೆ. 1927ರಲ್ಲಿ ಗಾಂಧೀಜಿಯವರು ಅಸ್ವಸ್ಥರಾಗಿದ್ದಾಗ ವಿಶ್ರಾಂತಿ ಪಡೆದುದು ಅದೇ ಸೀಮೆಯ ನಂದಿಬೆಟ್ಟದ ಮೇಲೆ. 1936ರಲ್ಲಿ ಮತ್ತೊಮ್ಮೆ ಅಲ್ಲಿಗೆ ಬಂದರು. ಮೈಸೂರಿನ ಆಡಳಿತವನ್ನು ಅವರು ಮೆಚ್ಚಿ ಮಾತನಾಡಿದುದುಂಟು. ಅಂತಹ ಸಂಸ್ಥಾನದಲ್ಲಿ, ನಂದಿಬೆಟ್ಟಕ್ಕೆ ದೂರವಲ್ಲದ ಸ್ಥಳದಲ್ಲಿ ಈ ಗೋಲಿಬಾರು ನಡೆಯಿತೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ. ಜನಹಿತವನ್ನು ಮಾಡುವ ಸರ್ಕಾರಕ್ಕೂ ಜನರಿಗೆ ಹೊಣೆಯಾದ ಸರ್ಕಾರಕ್ಕೂ ಇರುವ ಅಂತರವು ಆ ದಿನ ಬಯಲಾಯಿತು. ಜಲಿಯನ್‌ವಾಲಾ ಬಾಗಿನ ಹೆಸರನ್ನು ಹೇಳಿದೊಡನೆ ನಮ್ಮ ಕೋಪವು ಪರಕೀಯರ ಮೇಲೆ ಹೋಗುತ್ತದೆ; ಈ ಅಂತರವು ಕಣ್ಣಿಗೆ ಬೀಳದೆ ಹೋಗುತ್ತದೆ.

ಈ ಸಂದರ್ಭದಲ್ಲಿ ಆಗಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ವಿಷಯವಾಗಿ ಒಂದು ಮಾತು. ಅವರನ್ನು ಹೊಗಳುವವರು ಊರುಗಳ ಸೌಂದರ್ಯ, ಉದ್ಯಾನ, ಕಾರ್ಖಾನೆಗಳನ್ನು ಹೇಳಿ ವಿದುರಾಶ್ವತ್ಥವನ್ನು ಬಿಟ್ಟುಬಿಡುತ್ತಾರೆ. ತೆಗಳುವವರು ವಿದುರಾಶ್ವತ್ಥವೊಂದನ್ನೇ ಹಿಡಿದು ಉಳಿದುದೆಲ್ಲವನ್ನೂ ಅಳಿಸಿಬಿಡುತ್ತಾರೆ. ಎರಡೂ ಚರಿತ್ರೆಗೆ ನ್ಯಾಯವಲ್ಲ. ಅರಸರಿಗೆ ಮಾತ್ರ ಉತ್ತರ ಹೇಳಬೇಕಾಗಿದ್ದು ಪ್ರಜೆಗಳಿಗೆ ಉತ್ತರ ಹೇಳಬೇಕಾಗಿಲ್ಲದ ದಿವಾನಗಿರಿಯೆಂಬ ಪದವಿಯ ದೋಷವನ್ನು ಒಬ್ಬ ವ್ಯಕ್ತಿಯ ಗುಣಾವಗುಣಗಳಲ್ಲಿ ಮುಗಿಸಿಬಿಡಲಾಗದು. ಆ ಪದವಿಯಲ್ಲಿ ಬೇರೆ ಸಮರ್ಥರು ಇದ್ದಿದ್ದರೂ ಪ್ರಜೆಗಳು ಕೇಳುತ್ತಿದ್ದ ಪ್ರಶ್ನೆಯು ಅದೇ ಆಗಿರುತ್ತಿದ್ದಿತು.

ಎರಡನೆಯ ಭೇದವು ಜನರ ಉದ್ದೇಶಕ್ಕೆ ಸಂಬಂಧಿಸಿದುದು. ಅಮೃತಸರದ ಬಾಗಿನಲ್ಲಿ ಸಭೆಗೆಂದು ಬಂದವರೊಡನೆ ಬೈಸಾಖಿಗೆಂದು ಹಳ್ಳಿಗಳಿಂದ ಬಂದು ಸುಮ್ಮನೆ ಕುಳಿತಿದ್ದವರೂ ಅನೇಕರಿದ್ದರು. ವಿದುರಾಶ್ವತ್ಥದಲ್ಲಿ ಚಳವಳಿಯ ಉದ್ದೇಶವು ಒಂದೇ, ಅದೂ ಖಚಿತವಾದುದು: ಬಾವುಟವನ್ನೇರಿಸುವುದು. ಇದರ ಮಹತ್ತ್ವವನ್ನರಿಯಬೇಕಾದರೆ ಸ್ಥಳದ ಭೂಗೋಳವನ್ನು ನೆನಪಿನಲ್ಲಿಡಬೇಕು. ಅಲ್ಲಿಂದ ಕೆಲವೇ ಮೈಲಿಗಳಾಚೆಗೆ ಹಿಂದೂಪುರ. ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ 1937ರ ಜುಲೈ ತಿಂಗಳಿಂದ ರಾಜಗೋಪಾಲಾಚಾರ್ಯರ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರದಲ್ಲಿದ್ದಿತು. ಎಂದರೆ ಎಲ್ಲೆಯ ಆಚೆಗೆ ಅಧಿಕಾರದಲ್ಲಿದ್ದ ಪಕ್ಷದ ಬಾವುಟವು ಎಲ್ಲೆಯ ಈಚೆಗೆ ಅಪರಾಧವಾಗಿದ್ದಿತು. ಎರಡು ಕಡೆಯ ಸಂತೆಗಳಿಗೂ ನಂಟರ ಮನೆಗಳಿಗೂ ಹೋಗಿಬರುತ್ತ, ಕನ್ನಡ ತೆಲುಗುಗಳೆರಡನ್ನೂ ಆಡುತ್ತಿದ್ದ ಈ ಗಡಿನಾಡಿನ ರೈತರಿಗೆ ಈ ವೈಷಮ್ಯವನ್ನು ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿರಲಿಲ್ಲ. ಅವರು ಅರಸರ ಮೇಲೆ ದಂಗೆಯೆದ್ದವರಲ್ಲ. ಮೈಸೂರಿನ ಪ್ರಜೆಗಳಾಗಿದ್ದುಕೊಂಡೇ ಭಾರತದ ಪ್ರಜೆಗಳೂ ಆಗಬಹುದೇ ಎಂಬುದು ಅವರ ಪ್ರಶ್ನೆಯಾಗಿದ್ದಿತು.

ಮೂರನೆಯ ಭೇದವು ಫಲಕ್ಕೆ ಸಂಬಂಧಿಸಿದುದು. ಇದೇ ಎಲ್ಲಕ್ಕಿಂತ ಮುಖ್ಯ. ಅಮೃತಸರದ ಬಳಿಕ ಸರ್ಕಾರದ ಮೇಲಿದ್ದ ನಂಬಿಕೆಯು ಮುರಿದು 1920ರಲ್ಲಿ ಅಸಹಕಾರವು ಬಂದಿತು. ವಿದುರಾಶ್ವತ್ಥದ ಬಳಿಕ ಬಂದುದು ಒಡಂಬಡಿಕೆ. ಅದೇ ವರ್ಷದ ಫೆಬ್ರವರಿಯಲ್ಲಿ ಹರಿಪುರದ ಅಧಿವೇಶನವು, ದೇಶೀಯ ಸಂಸ್ಥಾನಗಳ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸದೆ ಅಲ್ಲಲ್ಲಿಯ ಪ್ರಜೆಗಳೇ ನಡೆಸಿಕೊಳ್ಳತಕ್ಕದ್ದೆಂದು ನಿರ್ಣಯಿಸಿದ್ದಿತು. ಹಾಗಿದ್ದರೂ ಗೋಲಿಬಾರಿನ ಸುದ್ದಿ ಹರಡಿದ ಮೇಲೆ ಗಾಂಧೀಜಿಯವರು ಮೈಸೂರಿನಲ್ಲಿ ಜನಪ್ರತಿನಿಧಿಗಳಿಗೆ ಹೊಣೆಯಾದ ಆಡಳಿತವು ಬರಬೇಕೆಂದು ಹೇಳಿಕೆ ಕೊಟ್ಟರು. ಮೇ ತಿಂಗಳಲ್ಲಿಯೇ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮೈಸೂರು ಕಾಂಗ್ರೆಸ್ಸಿಗೆ ಸರ್ಕಾರದ ಮನ್ನಣೆ ದೊರೆಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದಾಯಿತು. ಸತ್ಯಾಗ್ರಹವು ನಿಂತಿತು. ಗೋಲಿಬಾರಿನ ವಿಚಾರಣೆಯನ್ನು ಸರ್ಕಾರವು ವೇಪಾ ರಾಮೇಶಂ ಅವರ ಅಧ್ಯಕ್ಷತೆಯ ಸಮಿತಿಗೆ ಒಪ್ಪಿಸಿತು.

ಈ ಒಡಂಬಡಿಕೆಯನ್ನು ಕುರಿತು ಒಂದು ಪೂರ್ವಪಕ್ಷವುಂಟು. ಬಡರೈತರ ಪ್ರಾಣಗಳಿಗೆ ದೊರೆತ ಬೆಲೆಯು ಒಂದು ಬಾವುಟಗಂಬದಲ್ಲಿ ಅರ್ಧ ಪಾಲು ಮಾತ್ರವೇ ಎಂದು ಕೇಳುವವರಿದ್ದಾರೆ. ಆಕ್ಷೇಪವು ಬಲವಾದುದು, ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಜವಾಬ್ದಾರಿ ಸರ್ಕಾರವು ಆಗ ಬರಲಿಲ್ಲ. 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹವೂ, 1942ರ ಚಳವಳಿಯೂ, ಕೊನೆಗೆ 1947ರ 'ಮೈಸೂರು ಚಲೋ'ವೂ ನಡೆಯಬೇಕಾಯಿತು. ಅದೇ ವರ್ಷದ ಅಕ್ಟೋಬರ್ 24ರಂದು ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಆದರೆ ಎರಡು ಧ್ವಜಗಳು ಒಂದು ಸಮಾರಂಭದಲ್ಲಿ ಹಾರಿದುದನ್ನು ಅಲ್ಪವೆನ್ನಲಾಗದು. ಪ್ರಜೆಯ ನಿಷ್ಠೆಯು ಅರಮನೆಗೆ ಮಾತ್ರ ಸಲ್ಲತಕ್ಕದ್ದಲ್ಲವೆಂಬುದನ್ನು ಸಂಸ್ಥಾನವೇ ಒಪ್ಪಿಕೊಂಡಂತಾಯಿತು. ಒಮ್ಮೆ ಒಪ್ಪಿದುದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಮೈಸೂರಿನ ರಾಜಕೀಯಕ್ಕೆ 1938 ತಿರುವಾದುದು ಈ ಕಾರಣದಿಂದ. ಗೋಲಿಬಾರನ್ನು ಮಾತ್ರ ಹೇಳಿ ಒಡಂಬಡಿಕೆಯನ್ನು ಬಿಡುವ ಚರಿತ್ರೆಗಳು ತಿರುವಿನ ಅರ್ಧವನ್ನೇ ಹೇಳುತ್ತವೆ.

ಇನ್ನು ಸತ್ತವರ ಸಂಖ್ಯೆಯ ಮಾತು. ಹತ್ತೋ ಮೂವತ್ತೆರಡೋ ಎಂಬ ಚರ್ಚೆಯಲ್ಲಿ ಉಪಮೆಯು ಮತ್ತೊಂದು ತೊಂದರೆಯನ್ನು ತಂದೊಡ್ಡುತ್ತದೆ. ನೂರಾರು ಮಂದಿ ಸತ್ತ ಘಟನೆಯೊಡನೆ ಹೋಲಿಸಿದೊಡನೆ ಇಲ್ಲಿಯ ಸಂಖ್ಯೆಯು ಚಿಕ್ಕದಾಗಿ ಕಾಣುತ್ತದೆ. ಆಗ ಅದನ್ನು ದೊಡ್ಡದು ಮಾಡಬೇಕೆಂಬ ಆತುರವು ಲೇಖಕನಿಗೆ ಉಂಟಾಗುತ್ತದೆ. ಹತ್ತೇ ಮಂದಿಯಾಗಿದ್ದರೂ ಬಾವುಟಕ್ಕಾಗಿ ನೆರೆದವರನ್ನು ಸುಟ್ಟುದು ಹತ್ತು ಸಲ ಅನ್ಯಾಯವೇ. ವಿದುರಾಶ್ವತ್ಥದ ಗೌರವಕ್ಕೆ ಅಮೃತಸರದ ಅಳತೆಗೋಲಿನ ಅಗತ್ಯವಿಲ್ಲ.

ಆದುದರಿಂದ ಪಾಠ ಹೇಳುವವರಲ್ಲಿ ನಮ್ಮ ಬಿನ್ನಹವಿಷ್ಟೆ. ಜಲಿಯನ್‌ವಾಲಾ ಬಾಗಿನ ಹೆಸರನ್ನು ಹೇಳುವುದಾದರೆ ಹೇಳಲಿ. ಆದರೆ ಅದರ ಜೊತೆಯಲ್ಲಿಯೇ ಮೇಲೆ ಹೇಳಿದ ಮೂರು ಭೇದಗಳನ್ನೂ ವಿದ್ಯಾರ್ಥಿಗಳ ಮುಂದಿಡಲಿ. ಪರರ ಸರ್ಕಾರವು ಹೋದ ಮೇಲೆ ಅಮೃತಸರದ ಪಾಠವು ಬಹುಮಟ್ಟಿಗೆ ಹಳೆಯ ಕಥೆಯಾಗುತ್ತದೆ. ನಮ್ಮವರದೇ ಆದ, ಒಳ್ಳೆಯದೆಂದು ಹೆಸರು ಪಡೆದ ಸರ್ಕಾರವೊಂದು ತನ್ನ ಪ್ರಜೆಗಳ ಮೇಲೆ ಏಕೆ ಗುಂಡು ಹಾರಿಸಿತೆಂಬ ಪ್ರಶ್ನೆಯಾದರೋ ಯಾವ ಕಾಲದಲ್ಲಿಯೂ ಹಳೆಯದಾಗುವಂತಹುದಲ್ಲ. ಪಿನಾಕಿನಿಯ ದಡದಲ್ಲಿ ಮಡಿದವರು ನಮಗೆ ಬಿಟ್ಟುಹೋಗಿರುವುದು ಈ ಪ್ರಶ್ನೆಯನ್ನೇ.