ಐತ್ಮಾತೋವ್: ಎರಡು ನುಡಿಯ ಕಥೆಗಾರ

ಕಿರ್ಗಿಜ್ ಬೆಟ್ಟದ ಹುಲ್ಲುಗಾವಲಿನಲ್ಲಿ ಉತ್ತಮ ತಳಿಯ ಗಂಡುಕುದುರೆಯೊಂದು ಸತ್ತಿತ್ತು. ವಿಚಾರಿಸಲು ಬಂದ ಪಶುವೈದ್ಯನಿಗೆ ರಷ್ಯನ್ ಮಾತ್ರ ಗೊತ್ತು, ದನಗಾಹಿಗಳಿಗೆ ಕಿರ್ಗಿಜ್ ಮಾತ್ರ. ನಡುವೆ ನಿಂತು ಮಾತು ದಾಟಿಸಿದವನು ಐದು ವರ್ಷದ ಪೋರ. ಚಿಂಗಿಜ್ ಐತ್ಮಾತೋವ್ ತಾವೇ ಬರೆದುಕೊಂಡ ಬಾಲ್ಯದ ಪ್ರಸಂಗ ಇದು.

ಅನುವಾದಿತ ಕಥೆಗಳನ್ನು ಹುಡುಕಿ ಓದುವವರಿಗೆ ಐತ್ಮಾತೋವ್ ಬಲು ದೊಡ್ಡ ನಿಧಿ. ಹುಟ್ಟಿದ್ದು 1928ರಲ್ಲಿ, ತಲಸ್ ಕಣಿವೆಯ ಶೇಕೆರ್ ಹಳ್ಳಿಯಲ್ಲಿ. ತಂದೆ ತೊರೆಕುಲ್ ಅವರನ್ನು ಸ್ತಾಲಿನ್ ಆಡಳಿತ 1937ರಲ್ಲಿ ಬಂಧಿಸಿ ಮರುವರ್ಷ ಕೊಂದಿತು. ಊರ ಗಂಡಸರೆಲ್ಲ ಎರಡನೇ ಮಹಾಯುದ್ಧಕ್ಕೆ ಹೋದಾಗ ಹದಿನಾಲ್ಕರ ಹುಡುಗನೇ ಗ್ರಾಮ ಸೋವಿಯತ್‌ನ ಕಾರ್ಯದರ್ಶಿಯಾದ. ಕೃಷಿ ವಿದ್ಯಾರ್ಥಿಯಾಗಿದ್ದಾಗ ಕತಾಯೆವ್, ಬುಬೆನ್ನೋವ್ ಅವರ ರಷ್ಯನ್ ಕೃತಿಗಳನ್ನು ತಾನಾಗಿಯೇ ಕಿರ್ಗಿಜ್‌ಗೆ ತಂದ. ಅವು ಆಗಲೇ ಅನುವಾದಗೊಂಡಿದ್ದವು. ಆ ಶ್ರಮ ಅಚ್ಚು ಕಾಣದಿದ್ದರೂ ಕೈ ಪಳಗಿತು.

1958ರಲ್ಲಿ ‘ಜಮೀಲಾ’ ಬಂತು. ಗಂಡ ಯುದ್ಧಭೂಮಿಯಲ್ಲಿರುವಾಗ ಜಮೀಲಾ ಗಾಯಾಳು ಸೈನಿಕ ದಾನಿಯಾರನನ್ನು ಪ್ರೀತಿಸಿ ಊರು ಬಿಟ್ಟು ಹೋಗುತ್ತಾಳೆ. ಇದನ್ನು ಹೇಳುವವನು ಅವಳ ಹದಿಹರೆಯದ ಮೈದುನ. ದೂರುವ ಬದಲು ಬೆರಗಿನಿಂದ ನೋಡುವ ಆ ಕಣ್ಣೇ ಕಥೆಯ ಜೀವ. ಮರುವರ್ಷ ಫ್ರೆಂಚ್ ಕವಿ ಲೂಯಿ ಅರಗಾನ್ ಅದನ್ನು ಫ್ರೆಂಚ್‌ಗೆ ಕೊಂಡೊಯ್ದಾಗ ಯುರೋಪು ತಿರುಗಿ ನೋಡಿತು.

1966ರ ‘ಗುಲ್ಸಾರಿ’ಯಿಂದ ಅವರು ರಷ್ಯನ್‌ನಲ್ಲೇ ಮೊದಲು ಬರೆಯತೊಡಗಿದರು. ಇದನ್ನು ತಾಯ್ನುಡಿಗೆ ಬೆನ್ನು ತಿರುಗಿಸಿದ್ದು ಎನ್ನಲು ನನ್ನ ಮನಸ್ಸು ಒಪ್ಪದು. ‘ಬಿಳಿ ಹಡಗು’ ಕಥೆಯ ಕೊಂಬಿನ ತಾಯಿಜಿಂಕೆ ಕಿರ್ಗಿಜ್ ಅಜ್ಜಿಯರ ಬಾಯಿಂದ ಇಳಿದು ಬಂದವಳು. 1980ರಲ್ಲಿ ಬಂದ ‘ಶತಮಾನಕ್ಕೂ ದೀರ್ಘವಾದ ದಿನ’ ಕಾದಂಬರಿಯಲ್ಲಿ, ನೆನಪು ಕಳೆದುಕೊಂಡು ಗುಲಾಮನಾದ ಮಗ ಹುಡುಕಿ ಬಂದ ತಾಯಿಯನ್ನೇ ಬಾಣ ಬಿಟ್ಟು ಕೊಲ್ಲುತ್ತಾನೆ. ಹಿರಿಯರ ನೆನಪನ್ನು ಅಳಿಸುವ ಅಧಿಕಾರ ಮನುಷ್ಯನನ್ನು ಏನು ಮಾಡಬಲ್ಲದು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಸೋವಿಯತ್ ಲೇಖಕರು ವಿರಳ.

ತಂದೆಯ ಅವಶೇಷ ಸಿಕ್ಕಿದ್ದು 1991ರಲ್ಲಿ, ಚೋಂಗ್‌ತಾಶ್‌ನ ಸಾಮೂಹಿಕ ಸಮಾಧಿಯಲ್ಲಿ. ಅಲ್ಲಿಯೇ ಎದ್ದ ಅತಾ ಬೇಯಿತ್ ಸ್ಮಾರಕದಲ್ಲಿ 2008ರಲ್ಲಿ ಮಗನ ಸಮಾಧಿಯೂ ಆಯಿತು.

ಐತ್ಮಾತೋವ್ ಓದದವರು ‘ಜಮೀಲಾ’ದಿಂದ ಶುರುಮಾಡಿ. ಒಂದೇ ಸಂಜೆಗೆ ಮುಗಿಯುವ ಪುಸ್ತಕ. ಅದಾದ ಮೇಲೆ ‘ಗುಲ್ಸಾರಿ’, ಕೊನೆಗೆ ಆ ದೊಡ್ಡ ಕಾದಂಬರಿ. ಈ ಮೂರನ್ನು ಓದಿದವರಿಗೆ ಉಳಿದವನ್ನು ಓದಿ ಎಂದು ಯಾರೂ ಹೇಳಬೇಕಿಲ್ಲ.